ಚೀನಾದ ಪುಡಿಗೆ ನಮ್ಮೂರ ಪಥ್ಯ

ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಜಾತಿ ನನ್ನದು. ಗ್ಯಾಸ್ ಆರಿಸಿ, ಬೀದಿಯ ತುದಿಯವರೆಗೆ ಹೋಗಿ, ಮತ್ತೆ ವಾಪಸ್ ಬಂದು ನೋಡಿದ್ದೂ ಉಂಟು. ಈ ಸ್ವಭಾವಕ್ಕೆ ತಕ್ಕ ಕೆಲಸವೇ ಸಿಕ್ಕಿದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ. ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಮೊದಲು, ಯಾರಿಗೆ ಏನು ಕೊಡಬೇಕು, ಏನೇನು ಕೇಳಿ ಬರೆದುಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು ಎಂದೆಲ್ಲ ಕೂತು ಯೋಚಿಸಿ ಬರೆಯುವವಳು ನಾನು. ಏನೇನು ಕೆಡಬಹುದು ಎಂದು ಚಿಂತೆ ಮಾಡುವುದೇ ನನ್ನ ಉದ್ಯೋಗ ಅನ್ನಿ.

ಹೀಗಿದ್ದೂ ಒಂದು ಪುಟದ ವಿಷಯದಲ್ಲಿ ನಾನು ಚಿಂತೆ ಮಾಡಲಿಲ್ಲ. ಆ ಪುಟವನ್ನು ನನ್ನ ಕೈಯಾರೆ ಹೊಡೆದುಹಾಕಿದೆ. ಅದರಿಂದಾಗಿ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಹಿರಿಯರೊಬ್ಬರು ಸಾವಿನ ಬಾಗಿಲಿಗೆ ಹೋಗಿ ಬಂದರು. 

ನಾನು ಚಳ್ಳಕೆರೆಯವಳು. ಅವ್ವ, ಅಣ್ಣ, ಅತ್ತಿಗೆ ಅಲ್ಲೇ ಇದ್ದಾರೆ. ನನ್ನ ಆಸ್ಪತ್ರೆ ಇರುವುದು ದೂರದ ದೊಡ್ಡ ಊರಿನಲ್ಲಿ. ಹದಿನೈದು ದಿನಕ್ಕೊಮ್ಮೆ ನಮ್ಮ ತಂಡ ವ್ಯಾನಿನಲ್ಲಿ ಹೊರಟು ಒಂದು ದಿನ ಮೊಳಕಾಲ್ಮೂರಿನಲ್ಲಿ, ಮರುದಿನ ಚಳ್ಳಕೆರೆಯಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುತ್ತದೆ. ಕೀಮೋ ಹಾಕಿಸಿಕೊಂಡವರು ಪ್ರತಿ ಸಲವೂ ದೊಡ್ಡೂರಿಗೆ ಅಲೆಯದಿರಲಿ ಎಂದು ಈ ವ್ಯವಸ್ಥೆ. ನಮ್ಮ ಕಡೆಯವರಲ್ಲಿ ಕೀಮೋ ಜೊತೆಗೆ ಕದ್ದು ನಾಟಿ ಔಷಧಿ ತಗೊಳ್ಳದವರು ಕಡಿಮೆ. ನಮ್ಮ ಡಾಕ್ಟರು ಬೈಯುತ್ತಿದ್ದರು, ರೋಗಿಗಳು ತಲೆಯಾಡಿಸುತ್ತಿದ್ದರು, ಮನೆಗೆ ಹೋಗಿ ಕುಡಿಯುತ್ತಿದ್ದರು. ಕೊನೆಗೆ ಡಾಕ್ಟರೇ ಒಂದು ದಿನ, "ಬೈದು ಪ್ರಯೋಜನ ಇಲ್ಲ. ಒಂದು ಬೇರಿನ ಔಷಧಿಯನ್ನಾದರೂ ಸರಿಯಾಗಿ ಪರೀಕ್ಷೆ ಮಾಡಿ ನೋಡೋಣ" ಎಂದರು. ಆಗ ಅವರ ಕಣ್ಣಿಗೆ ಬಿದ್ದದ್ದು ಚೀನಾದ ಒಂದು ಕಷಾಯ. ಅಲ್ಲಿ ಕೀಮೋ ರೋಗಿಗಳ ಸುಸ್ತಿಗೂ ವಾಂತಿಗೂ ಕೊಡುವ, ಹುವಾಂಗ್ ಚೀ ಎಂಬ ಬೇರು ಮುಖ್ಯವಾಗಿರುವ ಕಷಾಯ. ಅದನ್ನು ಒಣಗಿಸಿ ಪುಡಿ ಮಾಡಿ ಪೊಟ್ಟಣದಲ್ಲಿ ತುಂಬಿರುತ್ತಾರೆ. ಬಿಸಿನೀರಿಗೆ ಹಾಕಿ ಕುಡಿದರಾಯಿತು.

ಅವ್ವನಿಗೆ ಇದನ್ನು ವಿವರಿಸಲು ಹೋಗಿ ಬೈಸಿಕೊಂಡೆ. "ಅರ್ಧ ಜನಕ್ಕೆ ನಿಜವಾದ ಪುಡಿ ಕೊಡ್ತೀವಿ ಅವ್ವ, ಇನ್ನರ್ಧ ಜನಕ್ಕೆ ನೋಡಾಕೆ ಹಂಗೇ ಇರೋ ಖಾಲಿ ಪುಡಿ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಆಗಲೇ ಸತ್ಯ ತಿಳಿಯೋದು" ಎಂದೆ.

ಕಡ್ಲೆಕಾಯಿ ಸುಲಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಕ್ಯಾನ್ಸರ್ ಬಂದೋರಿಗೆ ಖಾಲಿ ಪುಡಿ ಕೊಡ್ತೀಯಾ? ಇದಕ್ಕಾ ನಿನ್ನ ಓದಿಸಿದ್ದು?"

"ಕೀಮೋ ಎಲ್ಲರಿಗೂ ಕೊಡ್ತಾರೆ. ಇದು ಅದರ ಜೊತೆಗೆ. ಖಾಲಿ ಇದ್ರೂ ಇರಬಹುದು ಅಂತ ಮೊದಲೇ ಹೇಳಿ, ಅವರು ಒಪ್ಪಿದ ಮೇಲೇ ಕೊಡೋದು."

"ನೀವು ಹೇಳ್ತೀರಿ. ಕೇಳಿಸ್ಕೊಳ್ಳೋರು ಯಾರು?" ಎಂದು ಅವ್ವ ಮೂಗು ಮುರಿದು ಮತ್ತೆ ಕಾಯಿ ಸುಲಿಯತೊಡಗಿದಳು. ನನಗೆ ಸಿಟ್ಟು ಬಂತು. ಅವ್ವನಿಗೆ ಏನು ಗೊತ್ತು ಎಂದುಕೊಂಡೆ.

ಚೀನಾದ ಕಡೆಯಿಂದ ನಮಗೆ ಸಲಹೆ ಕೊಡುತ್ತಿದ್ದವರು ಒಬ್ಬ ಹಿರಿಯ ವೈದ್ಯೆ. ಕಂಪ್ಯೂಟರಿನ ಪರದೆಯಲ್ಲಿ ಅವರು, ಅವರ ಪಕ್ಕದಲ್ಲಿ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಒಬ್ಬಾಕೆ. ಆ ವೈದ್ಯೆಯೂ ನಾನೂ ವಾರಗಟ್ಟಲೆ ಜಗಳವಾಡಿದೆವು. ಅವರು ರೋಗಿಯ ನಾಲಿಗೆ ನೋಡಬೇಕು, ನಾಡಿ ಹಿಡಿಯಬೇಕು, ಒಬ್ಬೊಬ್ಬರಿಗೆ ಒಂದೊಂದು ತೂಕದಲ್ಲಿ ಬೇರು ಬೆರೆಸಬೇಕು ಎನ್ನುವವರು. ನಾನು, ಎಲ್ಲರಿಗೂ ಒಂದೇ ಪುಡಿ, ಒಂದೇ ಅಳತೆ, ಇಲ್ಲದಿದ್ದರೆ ಏನನ್ನು ಏನಕ್ಕೆ ಹೋಲಿಸುವುದು ಎನ್ನುವವಳು. ಕೊನೆಗೆ ಅವರೇ ಸೋತು ಒಪ್ಪಿದರು. ಒಪ್ಪಿದ ಮೇಲೆ ಒಂದು ಪುಟ ಕಳಿಸಿದರು. ಅದರಲ್ಲಿದ್ದದ್ದು ಬರೀ ಊಟದ ಪ್ರಶ್ನೆಗಳು. ಈ ಪುಡಿ ಶುರು ಮಾಡಿದ ಮೇಲೆ ಏನು ತಿನ್ನುತ್ತಿದ್ದೀರಿ, ಏನು ಬಿಟ್ಟಿದ್ದೀರಿ, ಯಾಕೆ ಬಿಟ್ಟಿರಿ, ಬಿಡಲು ಯಾರು ಹೇಳಿದರು.

ನಮ್ಮ ಪ್ರಶ್ನೆಪತ್ರ ಆಗಲೇ ಉದ್ದವಾಗಿತ್ತು. ಆದರೆ ನಾನು ಆ ಪುಟ ಬೇಡವೆಂದದ್ದು ಉದ್ದದ ಕಾರಣಕ್ಕಲ್ಲ. ಪರದೆಯಲ್ಲಿ ಆ ವೈದ್ಯೆ, "ನಿಮ್ಮ ಕಡೆ ಇಂಥ ಔಷಧಿ ತಗೊಳ್ಳುವಾಗ ಜನ ಏನಾದರೂ ತಿನ್ನುವುದನ್ನು ಬಿಡುತ್ತಾರೆಯೇ?" ಎಂದು ಕೇಳಿದಾಗ ನನ್ನ ಮುಖ ಬಿಸಿಯಾಯಿತು. ನಮ್ಮನ್ನು ಹಳೇ ಕಾಲದ ಹಳ್ಳಿ ಗುಗ್ಗುಗಳು ಎಂದುಕೊಂಡಾರು ಎನ್ನಿಸಿತು. "ಇಲ್ಲ ಇಲ್ಲ. ನಮ್ಮವರು ಆಸ್ಪತ್ರೆಗೆ ಬರುವವರು. ಅದೆಲ್ಲ ಈಗ ಇಲ್ಲ" ಎಂದೆ. "ಖಂಡಿತವಾಗಿಯೂ?" ಎಂದು ಆಕೆ ಇನ್ನೊಮ್ಮೆ ಕೇಳಿದರು. ನಾನು ನಕ್ಕುಬಿಟ್ಟೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಆ ಪುಟದ ಮೇಲೆ ಅಡ್ಡಗೆರೆ ಎಳೆದು, ಉಳಿದದ್ದಕ್ಕೆಲ್ಲ ನಾನು ಜೀವ ತೇಯ್ದೆ. ಖಾಲಿ ಪುಡಿಯ ಕಹಿಯೊಂದಕ್ಕೇ ಒಂದು ತಿಂಗಳು ಹಿಡಿಯಿತು. ಪಿಷ್ಟಕ್ಕೆ ಬಣ್ಣ ಹಾಕಿ ಚೂರು ಕಹಿ ಸೇರಿಸಿ ಮಾಡಿದ್ದನ್ನು ಅಸಲಿ ಪುಡಿಯ ಪಕ್ಕ ಇಟ್ಟು ಆಫೀಸಿನವರಿಗೆಲ್ಲ ಕುಡಿಸಿದೆ. ಒಬ್ಬರಿಗೂ ವ್ಯತ್ಯಾಸ ಗೊತ್ತಾಗದ ದಿನ ಸಿಹಿ ಹಂಚಿದೆ. ಅಸಲಿ ಪುಡಿಯಿಂದ ಲಿವರಿಗೆ ಏನಾದರೂ ಆದೀತು, ಕಿಡ್ನಿಗೆ ಆದೀತು, ಕೀಮೋ ಔಷಧಿಗೂ ಅದಕ್ಕೂ ಆಗಿಬರದೇ ಹೋದೀತು ಎಂದು ಹೆದರಿ ಪ್ರತಿಯೊಂದಕ್ಕೂ ರಕ್ತಪರೀಕ್ಷೆ ಸೇರಿಸಿದೆ. ಒಪ್ಪಿಗೆಯ ಹಾಳೆಯನ್ನು ಯಾರೋ 'ಸಸ್ಯಜನ್ಯ ಸಂಯುಕ್ತ' ಎಂದೆಲ್ಲ ಕನ್ನಡ ಮಾಡಿಕೊಟ್ಟಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಪೂರ್ತಿ ಹರಿದು ನಾನೇ ಬರೆದೆ. 'ಇದು ಚೀನಾ ದೇಶದ ಬೇರಿನ ಔಷಧಿ. ಇದರಿಂದ ಗುಣ ಸಿಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಅದನ್ನು ತಿಳಿಯಲಿಕ್ಕೇ ಈ ಪರೀಕ್ಷೆ. ನಿಮಗೆ ಸಿಗುವುದು ಖಾಲಿ ಪುಡಿಯೂ ಇರಬಹುದು.' ಯಾರಿಗೆ ತಾನೇ ಅರ್ಥವಾಗುವುದಿಲ್ಲ ಎಂದು ಬೀಗಿದೆ.

ಚಳ್ಳಕೆರೆಯಲ್ಲಿ ಆ ಹಾಳೆಯನ್ನು ಓದಿಸಿಕೊಂಡವರಲ್ಲಿ ಚಾಚಾ ಒಬ್ಬರು. ಸಂಬಂಧದಲ್ಲಿ ನನಗೇನೂ ಅಲ್ಲ. ನಮ್ಮ ಮನೆಯ ಬೋರಿನ ಮೋಟಾರು ಸುಟ್ಟಾಗಲೆಲ್ಲ ಅದಕ್ಕೆ ಹೊಸ ತಂತಿ ಸುತ್ತಿಕೊಡುತ್ತಿದ್ದವರು. ಸ್ಕೂಲಿಂದ ಬರುವಾಗ ನಾನು ಅವರ ಅಂಗಡಿ ಮುಂದೆ ನಿಂತು ತಾಮ್ರದ ತಂತಿ ಸುತ್ತುವುದನ್ನು ನೋಡುತ್ತಿದ್ದೆ. ಸುತ್ತು ಎಣಿಸುವಾಗ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಒಂದು ಸುತ್ತು ತಪ್ಪಿದೆ ಎಂದು ಅನುಮಾನ ಬಂದರೂ ಪೂರ್ತಿ ಬಿಚ್ಚಿ ಮೊದಲಿಂದ ಸುತ್ತುವ ಮನುಷ್ಯ. ಈಗ ಅವರ ಶ್ವಾಸಕೋಶದಲ್ಲಿ ಕ್ಯಾನ್ಸರ್. ಕೀಮೋ ಶುರುವಾಗಿತ್ತು. ರೋಗಿಗಳನ್ನು ಪರೀಕ್ಷೆಗೆ ಸೇರಿಸುವುದು ನರ್ಸಿನ ಕೆಲಸವೇ ಹೊರತು ನನ್ನದಲ್ಲ. ಆದರೂ ಹಾಳೆ ಓದುವಾಗ ಚಾಚಾ ನನ್ನನ್ನು ಕೂಗಿ ಪಕ್ಕದಲ್ಲಿ ಕೂರಿಸಿಕೊಂಡರು.

"ಇದು ನೀನು ಬರ್ದಿದ್ದಾ ಬೇಟಿ?"

"ಹೂಂ ಚಾಚಾ. ಪೂರ್ತಿ ಕೇಳಿಸ್ಕೊಳ್ಳಿ. ಗುಣ ಆಗ್ತೈತೋ ಇಲ್ವೋ ನಮಗೆ ಗೊತ್ತಿಲ್ಲ."

ಅವರು ಪಕ್ಕದಲ್ಲಿದ್ದ ಹೆಂಡತಿಯ, ನಮ್ಮ ಚಾಚಿಯ, ಕಡೆ ತಿರುಗಿ ನಕ್ಕರು. ಏನೋ ಒಂದು ಗುಟ್ಟು ತಿಳಿದವರ ನಗು. ಆಮೇಲೆ ರುಜು ಹಾಕಿದರು. ಆ ನಗುವಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಕೇಳಬೇಕೆಂದೂ ಅನ್ನಿಸಲಿಲ್ಲ.

ಮುಂದಿನ ಭೇಟಿಗಳಲ್ಲಿ ಅವರು ತಂದ ದಿನಚರಿ ನೋಡಿ ನನಗೆ ಹೆಮ್ಮೆ. ನಾವು ಕೊಟ್ಟ ಪುಸ್ತಕದಲ್ಲಿ ಬೆಳಿಗ್ಗೆಯ ಪುಡಿ, ಸಂಜೆಯ ಪುಡಿ, ಎಷ್ಟು ನೀರು ಕುಡಿದಿರಿ, ಜ್ವರ ಬಂತೇ, ಬೇರೆ ಔಷಧಿ ತಗೊಂಡಿರಾ ಎಂದೆಲ್ಲ ಚೌಕದ ಮನೆಗಳಿದ್ದವು. ಅಂಗಡಿಯಲ್ಲಿ ಸುತ್ತಿನ ಲೆಕ್ಕ ಬರೆಯುವ ಪೆನ್ಸಿಲ್ಲಿನಲ್ಲೇ ಅವರು ಒಂದೂ ಬಿಡದೆ ತುಂಬಿದ್ದರು. ಕೀಮೋ ಔಷಧಿ ಕಿಡ್ನಿಗೆ ತೊಂದರೆ ಕೊಡದಿರಲೆಂದು ದಿನಕ್ಕೆ ಮೂರು ಲೀಟರ್ ನೀರು ಕುಡಿಯಲು ನಾವು ಹೇಳಿದ್ದೆವು. ಅವರು ಮೂರು ಲೀಟರ್ ಅಂದರೆ ಮೂರೇ ಲೀಟರ್, ಅಳೆದು ಕುಡಿಯುತ್ತಿದ್ದರು. ಬೇರೆ ಔಷಧಿ ಎಂಬ ಕಡೆ ಪ್ರತಿದಿನವೂ 'ಇಲ್ಲ'. ಅದು ನಿಜವೇ ಆಗಿತ್ತು.

ಆದರೆ ಮನುಷ್ಯ ಇಳಿಯುತ್ತಿದ್ದರು. ಬೆಂಚಿನಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರು. ರಕ್ತದಲ್ಲಿ ಸೋಡಿಯಂ ಸ್ವಲ್ಪ ಕಡಿಮೆ ಬಂತು. "ಕೀಮೋದಲ್ಲಿ ಹೀಗಾಗುವುದುಂಟು, ಮುಂದಿನ ಸಲ ನೋಡೋಣ" ಎಂದರು ನಮ್ಮ ಡಾಕ್ಟರು. ಒಂದು ದಿನ ಅವ್ವ ಕಟ್ಟಿಕೊಟ್ಟಿದ್ದ ಮಂಡಕ್ಕಿ ಒಗ್ಗರಣೆಯನ್ನು ಚಾಚಾಗೆ ಕೊಟ್ಟೆ. ಅವರಿಗೆ ಪ್ರಾಣ ಅದು. ಕೈಗೆ ತಗೊಂಡು, ಮೂಸಿ ನೋಡಿ, "ಆಮೇಲೆ ತಿಂತೀನಿ" ಎಂದು ಚಾಚಿಯ ಚೀಲಕ್ಕೆ ಹಾಕಿದರು. ವಾಕರಿಕೆ ಇರಬೇಕು ಎಂದುಕೊಂಡು ನಾನು ವಾಕರಿಕೆಯ ಮನೆಯಲ್ಲಿ ಗುರುತು ಹಾಕಿದೆ. ಇಷ್ಟು ದಡ್ಡಿ ನಾನು.

ವ್ಯಾನಿನಲ್ಲಿ ವಾಪಸ್ ಹೋಗುವಾಗ ಒಂದೇ ಯೋಚನೆ. ಚಾಚಾಗೆ ಹೋಗುತ್ತಿರುವುದು ಅಸಲಿ ಪುಡಿಯೋ ಏನೋ. ಅದೇ ಅವರನ್ನು ಹೀರುತ್ತಿದೆಯೋ ಏನೋ. ಪ್ರತಿಯೊಬ್ಬ ರೋಗಿಯ ಹೆಸರಿನಲ್ಲೂ ಒಂದೊಂದು ಮುಚ್ಚಿದ ಲಕೋಟೆ ಇರುತ್ತದೆ. ಯಾವ ಪುಡಿ ಎಂದು ಅದರೊಳಗೆ ಬರೆದಿರುತ್ತದೆ. ಜೀವಕ್ಕೆ ಅಪಾಯವಾದರೆ ಮಾತ್ರ ಒಡೆಯಬೇಕು, ಒಡೆದರೆ ಆ ರೋಗಿ ಪರೀಕ್ಷೆಯಿಂದ ಹೊರಗೆ. ಈ ನಿಯಮ ಬರೆದವಳೂ ನಾನೇ. ಲಕೋಟೆಗಳ ಪೆಟ್ಟಿಗೆ ನನ್ನ ಕಾಲ ಬಳಿಯೇ ಇರುತ್ತಿತ್ತು. ಅದರ ಬೀಗವನ್ನು ಆ ದಿನ ಎಷ್ಟು ಸಲ ಎಳೆದು ನೋಡಿದೆನೋ.

ಅದಾದ ಹದಿನೈದು ದಿನಕ್ಕೆ ನಾವು ಮೊಳಕಾಲ್ಮೂರಿನಲ್ಲಿದ್ದೆವು. ಮರುದಿನ ಚಳ್ಳಕೆರೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಚಾಚಿಯ ಫೋನ್ ಬಂತು. ಆಕೆ ಅಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಬೇಟಿ, ಇವರು ಏನೇನೋ ಮಾತಾಡ್ತಾ ಅವ್ರೆ. ನನ್ನ ಗುರ್ತು ಸಿಗ್ತಿಲ್ಲ. ಗೋಡೆ ಮೇಲೆ ತಂತಿ ಸುತ್ತಂಗೆ ಕೈ ಆಡಿಸ್ತಾ ಎಣಿಸ್ತಾ ಅವ್ರೆ."

ಡಾಕ್ಟರು ಫೋನ್ ಕಿತ್ತುಕೊಂಡು, ತಕ್ಷಣ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿ ಎಂದರು. ಮಿಕ್ಕ ರೋಗಿಗಳನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸಿ, ಲಕೋಟೆಗಳ ಪೆಟ್ಟಿಗೆ ತಗೊಂಡು ನಾವಿಬ್ಬರೂ ಒಂದು ಬಾಡಿಗೆ ಕಾರು ಹತ್ತಿದೆವು. ದಾರಿಯ ಹಾನಗಲ್ ಹಳ್ಳಿ ದಾಟುವವರೆಗೆ, ಮೆದುಳಿಗೆ ಕ್ಯಾನ್ಸರ್ ಹೋಗಿರಬಹುದು, ಸೋಂಕು ಇರಬಹುದು, ಪುಡಿ ಇರಬಹುದು ಎಂದು ನಾನು ಒಳಗೇ ಒಂದೊಂದಾಗಿ ಲೆಕ್ಕ ಹಾಕುತ್ತಿದ್ದೆ. ಎಲ್ಲ ಲೆಕ್ಕವೂ ಸುತ್ತಿ ಬಂದು ಪುಡಿಯ ಹತ್ತಿರವೇ ನಿಲ್ಲುತ್ತಿತ್ತು.

"ಲಕೋಟೆ ಒಡೀರಿ. ನಾನು ಅಲ್ಲಿಗೆ ಮುಟ್ಟಿದಾಗ ಅವರ ಹೊಟ್ಟೆಗೆ ಏನು ಹೋಗಿದೆ ಅಂತ ಗೊತ್ತಿರಬೇಕು" ಎಂದರು ಡಾಕ್ಟರು.

ಪೆಟ್ಟಿಗೆಯ ಬೀಗ ತೆಗೆದು ಚಾಚಾರ ಹೆಸರಿನದನ್ನು ಹುಡುಕಿದೆ. ತಳಕಿನ ಹತ್ತಿರ ಲಕೋಟೆ ಹರಿದೆ. ಒಳಗೆ ಒಂದೇ ಸಾಲು. ಖಾಲಿ ಪುಡಿ.

ನನಗೆ ಮೊದಲು ಬಂದದ್ದು ಸಂತೋಷ. ಮುಚ್ಚಿಟ್ಟು ಪ್ರಯೋಜನವಿಲ್ಲ, ಸಂತೋಷವೇ ಬಂತು. ಸದ್ಯ, ನಮ್ಮ ಔಷಧಿಯಿಂದ ಅಲ್ಲ, ಪರೀಕ್ಷೆ ಉಳಿಯಿತು ಎಂದು ಉಸಿರು ಬಿಟ್ಟೆ. ಮರುಕ್ಷಣವೇ ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ಹೆದರಿಕೆ ಎದ್ದಿತು. ಹಾಗಾದರೆ ಚಾಚಾಗೆ ಆಗಿರುವುದೇನು?

ನರ್ಸಿಂಗ್ ಹೋಮಿನಲ್ಲಿ ಚಾಚಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಬೆರಳು ಚಾದರದ ಮೇಲೆ ಇನ್ನೂ ತಂತಿ ಸುತ್ತುತ್ತಿತ್ತು. ನಾನು ಕರೆದೆ. ನನ್ನ ಮುಖದ ಮೇಲೆ ಅವರ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ. ರಕ್ತಪರೀಕ್ಷೆಯ ಚೀಟಿ ಬಂದಾಗ ಡಾಕ್ಟರ ಮುಖ ಸಣ್ಣದಾಯಿತು. ಸೋಡಿಯಂ ನೆಲ ಕಚ್ಚಿತ್ತು. ಅಂದರೆ ರಕ್ತದಲ್ಲಿ ಉಪ್ಪೇ ಇಲ್ಲ ಎನ್ನುವಷ್ಟು. ಅದರಿಂದ ಮೆದುಳು ಊದಿಕೊಳ್ಳುತ್ತದೆ. ಇನ್ನೂ ಇಳಿದರೆ ಫಿಟ್ಸ್ ಬಂದು ಜೀವ ಹೋಗಬಹುದು.

"ಊಟದಲ್ಲಿ ಉಪ್ಪು ತಗೊಳ್ತಾರೇನಮ್ಮ?" ಎಂದು ಡಾಕ್ಟರು ಸುಮ್ಮನೆ ಕೇಳಿದಂತೆ ಕೇಳಿದರು.

ಚಾಚಿ ಅವರನ್ನು ಆಶ್ಚರ್ಯದಿಂದ ನೋಡಿದರು. "ಎಲ್ಲಿ ಸಾಬ್! ಆ ಪುಡಿ ಶುರು ಮಾಡಿದ ದಿನದಿಂದ ಒಂದು ಕಣ ನಮಕ್ ಮುಟ್ಟಿಲ್ಲ. ಸಪ್ಪೆ ರೊಟ್ಟಿ, ಸಪ್ಪೆ ಗಂಜಿ. ಬೇರಿನ ದವಾ ಅಲ್ವಾ? ಪರ್ಹೇಜ್ ಮಾಡ್ದೆ ಹೆಂಗೆ ಆಗ್ತೈತೆ? ಒಂದು ದಿನಾನೂ ತಪ್ಪಿಲ್ಲ ಇವರು."

ಪರ್ಹೇಜ್ ಅಂದರೆ ಪಥ್ಯ.  ಬೇರಿನ ಔಷಧಿ ಎಂದು ಬರೆದವಳು ನಾನು. ಮೂರು ಲೀಟರ್ ನೀರು ಎಂದು ಹೇಳಿದವರು ನಾವು. ಒಂದು ಕಡೆ ಉಪ್ಪು ಬಂದ್, ಕೀಮೋದಿಂದ ಇದ್ದ ಉಪ್ಪೂ ಸೋರಿಕೆ, ಮೇಲೆ ಅಳೆದು ಅಳೆದು ನೀರು. ಒಂದು ಸುತ್ತೂ ತಪ್ಪದ ಮನುಷ್ಯ ಎರಡನ್ನೂ ತಪ್ಪದೆ ಪಾಲಿಸಿದ್ದರು. ಅದೂ ಬಣ್ಣ ಹಾಕಿದ ಪಿಷ್ಟಕ್ಕೋಸ್ಕರ.

ನನಗೆ ಗೊತ್ತಿರದ ವಿಷಯವಾಗಿದ್ದರೆ ಬೇರೆ ಮಾತು. ಮೂರನೇ ಕ್ಲಾಸಿನಲ್ಲಿದ್ದಾಗ ನನಗೆ ಕಾಮಾಲೆಯಾಗಿತ್ತು. ಅವ್ವ ನನ್ನನ್ನು ನನ್ನಿವಾಳದ ಕಡೆ ಒಬ್ಬ ಅಜ್ಜನ ಹತ್ತಿರ ಕರೆದುಕೊಂಡು ಹೋಗಿ ಖಾಲಿ ಹೊಟ್ಟೆಗೆ ಹಸಿರು ರಸ ಕುಡಿಸಿದ್ದಳು. ಇಪ್ಪತ್ತೊಂದು ದಿನ ಉಪ್ಪು, ಖಾರ, ಎಣ್ಣೆ ಬಂದ್. ಸಪ್ಪೆ ಮುದ್ದೆ, ಸಪ್ಪೆ ಮಜ್ಜಿಗೆ. ಒಂದು ಮಧ್ಯಾಹ್ನ ಉಪ್ಪು ಹಾಕಿ ಹುರಿದ ಕಡ್ಲೆಕಾಯಿಯನ್ನು ಕದ್ದು ತಿಂದದ್ದಕ್ಕೆ ಅವ್ವ ಬೆನ್ನ ಮೇಲೆ ಗುದ್ದಿ, ಆಮೇಲೆ ತಾನೂ ಕೂತು ಅತ್ತಿದ್ದಳು. ಔಷಧಿ ನೀರಿಗೆ ಹಾಕಿದಂತಾಯಿತಲ್ಲ ಎಂದು. ಇದನ್ನೆಲ್ಲ ಮೈಮೇಲೆ ಹೊತ್ತುಕೊಂಡವಳು ಕಂಪ್ಯೂಟರಿನ ಮುಂದೆ ಕೂತು 'ಅದೆಲ್ಲ ಈಗ ಇಲ್ಲ' ಎಂದೆ.

ಡ್ರಿಪ್ ಹಾಕಿದರು. ಉಪ್ಪನ್ನು ತಕ್ಷಣ ತುಂಬಿಬಿಡಿ ಎಂದು ನಾನು ಡಾಕ್ಟರ ಕೈ ಹಿಡಿದುಕೊಂಡೆ. "ಹಾಗೆ ಮಾಡಿದರೆ ಮೆದುಳಿಗೆ ಇನ್ನೊಂದು ಏಟು. ನಿಧಾನವಾಗಿಯೇ ಏರಿಸಬೇಕು" ಎಂದರು ಅವರು. ಅಲ್ಲಿಂದ ಮೂರು ದಿನ ಆ ಹನಿಗಳನ್ನು ನೋಡುವುದೇ ಕೆಲಸ. ನಾನು ರಜೆ ಹಾಕಿ ಹಗಲೆಲ್ಲ ಅಲ್ಲೇ ಕೂತೆ. ಚಾಚಿ ತಸ್ಬೀಹ್ ಜಪಮಣಿ ಎಣಿಸುತ್ತಿದ್ದರು, ಚಾಚಾ ಇಲ್ಲದ ತಂತಿಯ ಸುತ್ತು ಎಣಿಸುತ್ತಿದ್ದರು, ನಾನು ಹನಿ ಎಣಿಸುತ್ತಿದ್ದೆ. ಚಾಚಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮನೆಯಿಂದ ಚಹಾ ತರಿಸಿ ನನಗೂ ಒಂದು ಲೋಟ ಕೊಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ಮೊದಲ ದಿನವೇ ಇನ್ನೊಂದು ಯೋಚನೆ ಬಂತು. ಚಾಚಾ ಒಬ್ಬರೇನಾ? ನಾನು ಇಲ್ಲಿಂದ, ನರ್ಸು ಮೊಳಕಾಲ್ಮೂರಿನಿಂದ, ರೋಗಿಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಹಚ್ಚಿದೆವು. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಮನೆಯ ಹಿರಿಯ ಹೆಂಗಸೊಬ್ಬರು ನಮ್ಮ ಪರೀಕ್ಷೆಯಲ್ಲಿದ್ದರು. ಉಪ್ಪು ತಿನ್ನುತ್ತಿದ್ದೀರಾ ಎಂದರೆ ಆಕೆಗೆ ನಗು.

"ಉಪ್ಪಾ? ಅಸಲು ಮುಟ್ಟೋದೇ ಇಲ್ಲಮ್ಮಾ. ಹುಣಸೆಹಣ್ಣೂ ಬಿಟ್ಟೀನಿ, ವಂಕಾಯಿನೂ ಬಿಟ್ಟೀನಿ."

"ಬದನೆಕಾಯಿ ಯಾಕೆ ಬಿಟ್ರಿ? ಯಾರು ಹೇಳಿದ್ರು?"

"ನಿಮ್ಮ ಬೆಂಚಿನ ಮೇಲೆ ಕುಂತಾಗ ರಾಂಪುರದೋರು ಒಬ್ರು ಹೇಳಿದ್ರು. ನೀವು ಓದಿದೋರು ಪಥ್ಯ ಹೇಳೋದು ಮರ್ತಿದ್ದೀರಿ ಅಂತ ನಾವು ನಾವೇ ಕೇಳಿ ತಿಳ್ಕೊಂಡ್ವಿ."

ನಮ್ಮ ಬೆಂಚು. ರೋಗಿಗಳು ಸಾಲಾಗಿ ಕೂತು ಕಾಯಲಿ ಎಂದು ಗೋಡೆಗೆ ಹಾಕಿಸಿದ್ದ ಬೆಂಚು. ಅಲ್ಲಿ ಕೂತು ಒಬ್ಬರು ಉಪ್ಪು ಬಿಡಿಸಿದ್ದರು, ಇನ್ನೊಬ್ಬರು ಹುಳಿ ಬಿಡಿಸಿದ್ದರು, ಮತ್ತೊಬ್ಬರು ಬದನೆಕಾಯಿ. ಬಾಗಿಲಿನ ಈಚೆ ನಾನು ಕೂತು ಲಿವರ್, ಕಿಡ್ನಿ ಎಂದು ಹಾಳೆ ತಿರುವುತ್ತಿದ್ದೆ. ಎಲ್ಲರಿಗೂ ಆವತ್ತೇ ಉಪ್ಪು ತಿನ್ನಲು ಹೇಳಿದೆವು. ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ, ಇಂಥ ಪರೀಕ್ಷೆಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ಸಮಿತಿಗೆ ನಡೆದದ್ದೆಲ್ಲ ಬರೆದು ತಿಳಿಸಿದೆ. ಆದರೆ ಆ ನೇಯ್ಗೆಯ ಹೆಂಗಸು ಮಾತ್ರ ಖಡಾಖಂಡಿತವಾಗಿ ಹೇಳಿದರು. "ಪಥ್ಯ ಇಲ್ದಿದ್ರೆ ಅದು ಔಷಧಿನೇ ಅಲ್ಲಮ್ಮಾ. ನೀನು ಹೇಳ್ತೀಯಾ ಅಂತ ಹೂಂ ಅಂತೀನಿ, ಉಪ್ಪು ಮಾತ್ರ ತಿನ್ನಲ್ಲ."

ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿಕೊಂಡೆ. ಹೊಡೆದುಹಾಕಿದ ಪುಟದ ವಿಷಯವನ್ನೂ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಉಪ್ಪು ತಿನ್ರಿ ಅಂದ್ರೆ ಯಾರು ತಿಂತಾರೆ? ಉಪ್ಪು ತಿನ್ನೋದೇ ಇದರ ಪಥ್ಯ ಅನ್ನು. ತಿಂತಾರೆ" ಎಂದಳು.

ಅಷ್ಟೇ. ನಾನು ಇಷ್ಟು ವರ್ಷ ಓದಿ ಕಲಿಯದ್ದನ್ನು ಅವ್ವ ಗೋಡೆಗೆ ಒರಗಿ ಕೂತು ಹೇಳಿದಳು. ಮರುದಿನ ಆ ನೇಯ್ಗೆಯ ಹೆಂಗಸಿಗೆ ಮತ್ತೆ ಫೋನ್ ಮಾಡಿದೆ. "ಈ ಔಷಧಿಗೂ ಪಥ್ಯ ಐತೆ, ಹೇಳೋದು ನಾನೇ ಮರೆತಿದ್ದೆ. ದಿನಾ ಎರಡು ಹೊತ್ತು ಉಪ್ಪು ಹಾಕಿದ ಊಟ ಬಿಡಂಗಿಲ್ಲ" ಎಂದೆ. "ಹಂಗೆ ಹೇಳು ಮತ್ತೆ!" ಎಂದರು ಆಕೆ, ಕೊನೆಗೂ ನನಗೆ ಬುದ್ಧಿ ಬಂತು ಎನ್ನುವ ಹಾಗೆ. ಆ ವಾಕ್ಯ ಈಗ ಸಮಿತಿಯ ಒಪ್ಪಿಗೆ ಪಡೆದು ನಮ್ಮ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿದೆ. ಚೀನಾದ ವೈದ್ಯೆಗೂ ನನ್ನ ತಪ್ಪನ್ನು ಬರೆದು ಕಳಿಸಿದೆ. ಉತ್ತರದಲ್ಲಿ ಬೈಗುಳ ಇರಲಿಲ್ಲ. ಆ ಹಳೆಯ ಪುಟವನ್ನೇ ಮತ್ತೆ ಕಳಿಸಿದ್ದರು.

ಮೂರನೆಯ ದಿನ ಮಧ್ಯಾಹ್ನ ಚಾಚಾರ ಬೆರಳು ನಿಂತಿತು. ನಾನು ಎದ್ದೇಬಿಟ್ಟೆ, ಮುಗಿಯಿತು ಎಂದುಕೊಂಡು. ಅವರು ಚಾಚಿಯ ಕಡೆ ನೋಡಿ, ಅಂಗಡಿ ಬಾಗಿಲು ಹಾಕಿದೆಯಾ ಎಂದು ಉರ್ದುವಿನಲ್ಲಿ ಕೇಳಿದರು. ಚಾಚಿ ಆವರೆಗೆ ತಡೆದಿದ್ದ ಅಳುವನ್ನೆಲ್ಲ ಅಲ್ಲೇ ಅತ್ತರು. ನಾನು ಹೊರಗೆ ಹೋಗಿ, ನಲ್ಲಿ ತಿರುಗಿಸಿ, ಸುಮ್ಮನೆ ಮುಖ ತೊಳೆಯುತ್ತಾ ನಿಂತೆ.

ಮನೆಗೆ ಹೊರಡುವ ದಿನ ಅವರು ದಿಂಬಿಗೆ ಒರಗಿ ಕೂತಿದ್ದರು. ಚಾಚಿ ಅನ್ನ, ಸಾರು, ಮಾವಿನ ಉಪ್ಪಿನಕಾಯಿ ತಂದಿದ್ದರು. ಲಕೋಟೆ ಒಡೆದ ಮೇಲೆ ರೋಗಿಗೆ ನಿಜ ಹೇಳಬೇಕು. ಆ ನಿಯಮವೂ ನನ್ನದೇ. 

"ಚಾಚಾ, ನಿಮಗೆ ಬಂದಿದ್ದು ಖಾಲಿ ಪುಡಿ. ಅದರಾಗೆ ಔಷಧಿ ಇರಲಿಲ್ಲ. ನೀವು ಉಪ್ಪು ಬಿಡಬೇಕಾಗಿರಲಿಲ್ಲ. ಅದನ್ನ ನಾನು ಮೊದಲೇ ಹೇಳಬೇಕಿತ್ತು. ತಪ್ಪು ನಂದು."

ಅವರು ತುತ್ತು ಕಲಸುತ್ತಿದ್ದ ಕೈ ನಿಲ್ಲಿಸಿದರು. ಸಿಟ್ಟಾಗುತ್ತಾರೆ ಎಂದು ಕಾದೆ. ಆಗಲಿಲ್ಲ.

"ಹೋಗ್ಲಿ ಬಿಡು. ಇನ್ಮೇಲೆ ಅಸಲಿದು ಕೊಡ್ತೀಯಲ್ಲಾ?"

"ಕೊಡಂಗಿಲ್ಲ ಚಾಚಾ. ಮತ್ತೆ, ಅಸಲಿದು ಗುಣ ಮಾಡ್ತೈತೋ ಇಲ್ವೋ ನಂಗೆ ಗೊತ್ತಿಲ್ಲ."

"ಅದನ್ನ ನೀನು ಆವತ್ತೇ ಹೇಳಿದ್ದೆ." ಅವರು ಅದೇ ಗುಟ್ಟಿನ ನಗು ನಕ್ಕರು. "ಒಳ್ಳೆ ಹಕೀಮರೆಲ್ಲಾ ಹಂಗೇ ಅನ್ನೋದು ಬೇಟಿ. ನಂಗೇನು ಗೊತ್ತು, ಎಲ್ಲಾ ಮೇಲಿನವನ ಕೈಯಾಗೈತೆ ಅಂತಾರೆ. ಹಂಗಂದೋರ ದವಾನೇ ಹಿಡಿಯೋದು."

ಆವತ್ತಿನ ನಗು ಇದು. ನನ್ನ ಹಾಳೆಯ ಅತ್ಯಂತ ಪ್ರಾಮಾಣಿಕ ಸಾಲನ್ನು ಓದಿಯೇ ಅವರಿಗೆ ನಂಬಿಕೆ ಹುಟ್ಟಿತ್ತು. ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.

"ನಾನು ಹಕೀಮ ಅಲ್ಲ ಚಾಚಾ. ನಿಜವಾಗ್ಲೂ ನಂಗೆ ಗೊತ್ತಿಲ್ಲ. ನಮ್ಮ ಡಾಕ್ಟ್ರಿಗೂ ಗೊತ್ತಿಲ್ಲ. ಚೀನಾದೋರಿಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಇದೆಲ್ಲಾ ಮಾಡ್ತಿರೋದು."

ಅವರು ನನ್ನ ಮುಖವನ್ನೇ ನೋಡಿದರು. ಆ ಮಾತು ಅವರಿಗೆ ಈಗ ಮೊದಲ ಸಲ ಕೇಳಿಸಿತು ಎಂದು ನನಗೆ ಅನ್ನಿಸಿತು. ನಗು ಮೆಲ್ಲಗೆ ಹೋಯಿತು. ಆಮೇಲೆ ಕೇಳಿದರು.

"ಯಾವಾಗ ಗೊತ್ತಾಗ್ತೈತೆ?"

ಅವರ ಕಾಯಿಲೆ ಎಷ್ಟು ಮುಂದೆ ಹೋಗಿದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೇಗ ಎಂದು ಹೇಳಿಬಿಡೋಣ ಎನ್ನಿಸಿತು. ಹಾಗೆ ಹೇಳಿ ಮತ್ತೊಂದು ಪುಟ ಹೊಡೆದುಹಾಕಲು ಧೈರ್ಯ ಬರಲಿಲ್ಲ.

"ಇನ್ನೂ ಎರಡು ವರ್ಷ ಬೇಕು ಚಾಚಾ."

ಅವರು ಸುತ್ತು ಎಣಿಸುವಾಗ ಮಾಡುತ್ತಿದ್ದ ಹಾಗೆ ತುಟಿ ಆಡಿಸಿದರು, ನಿಲ್ಲಿಸಿದರು. ಆಮೇಲೆ ತಟ್ಟೆಯನ್ನು ಚಾಚಿಯ ಕಡೆ ಸರಿಸಿದರು.

"ಇನ್ನೊಂದು ಹೋಳು ಹಾಕು" ಎಂದರು. ಚಾಚಿ ಉಪ್ಪಿನಕಾಯಿಯ ದೊಡ್ಡ ಹೋಳನ್ನೇ ಆರಿಸಿ ಹಾಕಿದರು. ಅವರು ಅದನ್ನು ತಿಂದು ಮುಗಿಸುವವರೆಗೆ ನಾನು ಅಲ್ಲೇ ಕೂತಿದ್ದೆ.